ಪಹಣಿ ಇಲ್ಲದ 2 ಎಕರೆ ಕಾಫಿ ಇನ್ನು ಯುರೋಪಿಗೆ ಹೋಗುವುದಿಲ್ಲವಾ?

ಕಳಸದ ತೋಟದವ

ಎಲ್ಲರಿಗೂ ನಮಸ್ಕಾರ. ಮೊನ್ನೆ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಸ್ಯಾಂಪಲ್ ತೆಗೆದುಕೊಂಡು ವ್ಯಾಪಾರಿ ಹತ್ತಿರ ಹೋಗಿದ್ದೆ. ಪ್ರತಿ ವರ್ಷ ಓಟಿ, ಅಂದರೆ ಸಿಪ್ಪೆ ತೆಗೆದರೆ ಎಷ್ಟು ಬೀಜ ಸಿಗುತ್ತದೆ ಎಂದು ನೋಡುತ್ತಾರೆ, ತೇವ ನೋಡುತ್ತಾರೆ, ರೇಟು ಹೇಳುತ್ತಾರೆ. ಈ ಸಲ ಮೊದಲು ಕೇಳಿದ್ದು ಪಹಣಿ. ಆಮೇಲೆ ತೋಟದ ಜಿಪಿಎಸ್ ಲೊಕೇಶನ್. ಯುರೋಪಿನವರು ಹೊಸ ನಿಯಮ ಮಾಡಿದ್ದಾರಂತೆ, ಕಾಡು ಕಡಿದು ಬೆಳೆದ ಕಾಫಿ ಅಲ್ಲ ಎಂದು ತೋರಿಸಬೇಕಂತೆ. ದಾಖಲೆ ಇಲ್ಲದ ಮಾಲಿಗೆ ಮುಂದಿನ ವರ್ಷದಿಂದ ಬೇರೆ ರೇಟು ಎಂದರು.

ನಮ್ಮದು ಒಟ್ಟು ಮೂರೂವರೆ ಎಕರೆ. ಒಂದೂವರೆಗೆ ಪಹಣಿ ಇದೆ. ಉಳಿದ 2 ಎಕರೆ ಅಜ್ಜನ ಕಾಲದಿಂದ ಮಾಡಿಕೊಂಡು ಬಂದ ಜಾಗ. ಸಾಗುವಳಿ ಮಾಡುತ್ತಿರುವ ಸರ್ಕಾರಿ ಜಾಗ ಸಕ್ರಮ ಮಾಡಿಕೊಡಿ ಎಂದು ಅಪ್ಪ ಫಾರಂ 53ರಲ್ಲಿ ಅರ್ಜಿ ಹಾಕಿದ್ದರು. ಇವತ್ತಿನವರೆಗೂ ತೀರ್ಮಾನ ಆಗಿಲ್ಲ. ಆ 2 ಎಕರೆಯಲ್ಲಿ ಹಲಸು ಇದೆ, ಅತ್ತಿ ಇದೆ, ನಂದಿ ಮರ ಇದೆ. ಮಧ್ಯಾಹ್ನ ಹೋದರೂ ಬಿಸಿಲು ನೆಲಕ್ಕೆ ಬೀಳುವುದಿಲ್ಲ. ನಮ್ಮ ಕಾಫಿಯನ್ನು ಕಾಡು ಕಡಿದ ಕಾಫಿ ಎಂದು ಯಾರಾದರೂ ಅನುಮಾನಿಸಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ? ತಿಳಿದವರು ಹೇಳಿ, ಈ ನಿಯಮದಲ್ಲಿ ನಿಜವಾಗಿ ಏನಿದೆ? ಅದಕ್ಕಿಂತ ಜಾಸ್ತಿ ನನ್ನನ್ನು ಕಾಡುವ ಪ್ರಶ್ನೆ ಇದು: ಇದರ ಖರ್ಚು, ಓಡಾಟ ಎಲ್ಲ ನಮ್ಮಂಥವರ ತಲೆ ಮೇಲೆ ಯಾಕೆ?

ಮಲ್ನಾಡ್ ಮಗಳು

ಅಣ್ಣ, ನಾನು ಕೊಪ್ಪ, ಬಾಳೆಹೊನ್ನೂರು ಕಡೆ ಸಣ್ಣ ಬೆಳೆಗಾರರ ಗುಂಪುಗಳ ಜೊತೆ ಕೆಲಸ ಮಾಡುತ್ತೇನೆ. ಗೊತ್ತಿರುವುದನ್ನು ಹೇಳುತ್ತೇನೆ.

ಯುರೋಪಿಯನ್ ಯೂನಿಯನ್ ಈ ನಿಯಮ ತಂದಿದ್ದು 2023ರಲ್ಲಿ. ಕಾಫಿ ಒಂದೇ ಅಲ್ಲ. ಕೋಕೋ, ರಬ್ಬರ್, ತಾಳೆ ಎಣ್ಣೆ, ಸೋಯಾ, ದನ, ಮರ ಕೂಡ ಇವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದನ್ನು ಅವರು ಒಳಗೆ ಬಿಡುವುದಿಲ್ಲ. ಜೊತೆಗೆ, ಬೆಳೆದ ದೇಶದ ಕಾನೂನು ಪ್ರಕಾರವೇ ಬೆಳೆದಿರಬೇಕು. ಯಾವ ಜಾಗದಲ್ಲಿ ಬೆಳೆದದ್ದು ಎಂದು ಲೊಕೇಶನ್ ಕೊಡಬೇಕು. 4 ಹೆಕ್ಟೇರ್‌ಗಿಂತ ಜಾಸ್ತಿ ಇದ್ದರೆ ಸುತ್ತಲ ಗಡಿ ಪೂರ್ತಿ ಗುರುತು ಹಾಕಬೇಕು. ನಿಮ್ಮಂಥ ಚಿಕ್ಕ ತೋಟಕ್ಕೆ ಒಂದು ಪಾಯಿಂಟ್ ಸಾಕು. ಮೊಬೈಲಿನಲ್ಲೇ ಆಗುತ್ತದೆ.

ಮೊದಲು 2024ರ ಕೊನೆಯಿಂದ ಜಾರಿ ಎಂದರು. ಅದು ಒಂದು ವರ್ಷ ಮುಂದೆ ಹೋಯಿತು, ಆಮೇಲೆ ಇನ್ನೊಂದು ವರ್ಷ. ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ಇಟ್ಟಿದ್ದಾರೆ. ಇನ್ನೊಂದು ಸಮಾಧಾನದ ವಿಷಯ: 2025ರ ಮೇ ತಿಂಗಳಲ್ಲಿ ದೇಶಗಳ ಪಟ್ಟಿ ಹಾಕಿದಾಗ ಭಾರತವನ್ನು ಅಪಾಯ ಕಡಿಮೆ ಇರುವ ಗುಂಪಿಗೆ ಸೇರಿಸಿದರು. ಬ್ರೆಜಿಲ್, ಇಂಡೋನೇಷ್ಯಾ ಅದರ ಮೇಲಿನ ಗುಂಪಿನಲ್ಲಿವೆ. ನಮ್ಮ ಮಾಲಿಗೆ ತಪಾಸಣೆ ಕಡಿಮೆ. ಆದರೆ ಲೊಕೇಶನ್ ಕೊಡುವುದರಿಂದ ವಿನಾಯಿತಿ ಇಲ್ಲ.

ನಿಯಮದಲ್ಲಿ ಪಹಣಿ ಎಂಬ ಮಾತಿಲ್ಲ ಅಣ್ಣ. ‘ಆ ದೇಶದ ಕಾನೂನು’ ಎಂದಷ್ಟೇ ಇದೆ. ಅದನ್ನು ಪಹಣಿ ಎಂದು ಓದುವುದು ಕೊಳ್ಳುವವರು. ಅವರಿಗೆ ತಲೆನೋವು ಬೇಡ.

ಸಕಲೇಶಪುರ ಎಸ್ಟೇಟ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ನಮ್ಮದು 60 ಎಕರೆ ತೋಟ, ಮೂರು ತಲೆಮಾರಿನದು. ನಮಗೆ ಈ ನಿಯಮದಿಂದ ಒಳ್ಳೆಯದೇ ಆಗಬಹುದು. ಬ್ರೆಜಿಲ್‌ನಲ್ಲಿ ಸೆರಾಡೊ ಎಂಬ ದೊಡ್ಡ ಬಯಲು ಕಾಡು ಪ್ರದೇಶ ಇದೆ. ಅದರ ಮೂಲ ಗಿಡಮರ ಅರ್ಧದಷ್ಟು ಹೋಗಿ ಹೊಲಗದ್ದೆ ಆಗಿದೆ. ಅಲ್ಲಿ ಬಟಾಬಯಲಿನಲ್ಲಿ ಕಾಫಿ ಸಾಲು ಹಾಕಿ ಯಂತ್ರದಲ್ಲಿ ಕುಯ್ಯುತ್ತಾರೆ. ಅವರ ಖರ್ಚಿನ ಮುಂದೆ ನಾವು ಯಾವತ್ತೂ ನಿಲ್ಲಲು ಆಗಲಿಲ್ಲ. ನಾವು ಮರಗಸಿ ಮಾಡಿ (ನೆರಳು ಮರದ ಕೊಂಬೆ ಸವರಿ), ಕೈಯಲ್ಲಿ ಹಣ್ಣು ಕುಯ್ದು, ಕಣದಲ್ಲಿ ಒಣಗಿಸಿ ಅದೇ ರೇಟಿಗೆ ಮಾರಬೇಕಿತ್ತು. ಈಗ ಮೊದಲ ಸಲ ನಮ್ಮ ನೆರಳಿಗೆ ಬೆಲೆ ಬರುವ ಅವಕಾಶ ಬಂದಿದೆ. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಹೊರದೇಶಕ್ಕೆ ಹೋಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ದೊಡ್ಡ ಗಿರಾಕಿಗಳು. ಅವರನ್ನು ಬಿಟ್ಟು ನಾವು ಎಲ್ಲಿಗೆ ಹೋಗುತ್ತೇವೆ?

ದಾಖಲೆ ಸರಿ ಮಾಡಿಕೊಳ್ಳುವುದು ಕಷ್ಟ, ಒಪ್ಪುತ್ತೇನೆ. ಆದರೆ ಒಂದಲ್ಲ ಒಂದು ದಿನ ಮಾಡಲೇಬೇಕಿತ್ತು.

ಕಳಸದ ತೋಟದವ

ಗೌಡ್ರೇ, ನಿಮ್ಮ 60 ಎಕರೆಗೆ ಲೆಕ್ಕ ಬರೆಯುವ ರೈಟರ್ ಇದ್ದಾರೆ, ಕಂಪ್ಯೂಟರ್ ಇದೆ, ದಾಖಲೆ ಇದೆ. ನಿಮಗೆ ಬೆಲೆ ಬಂದರೆ ನನಗೆ ಸಂತೋಷವೇ. ನನ್ನ ಹೆಸರಿನಲ್ಲಿ ಇರುವುದು ಒಂದೂವರೆ ಎಕರೆ. ನಿಮ್ಮ ನೆರಳು, ನನ್ನ ನೆರಳು ಎರಡೂ ಒಂದೇ ಅಲ್ವಾ? ಬೆಲೆ ಬರುವುದು ನೆರಳಿಗೋ, ಕಾಗದಕ್ಕೋ?

ಕ್ಯೂರಿಂಗ್ ಲೆಕ್ಕ

ನಾನು ಹಾಸನದಲ್ಲಿ ಕಾಫಿ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸ್ಟಾಕ್ ಲೆಕ್ಕ ನೋಡುತ್ತೇನೆ. ಮೇಲಿನ ಪ್ರಶ್ನೆಗೆ ಗೋಡೌನಿನಿಂದ ಉತ್ತರ ಹೇಳುತ್ತೇನೆ.

ಒಂದು ಕಂಟೇನರ್‌ಗೆ 60 ಕಿಲೋದ 320 ಚೀಲ ಹಿಡಿಯುತ್ತದೆ. 19 ಟನ್ ಮೇಲೆ. ಮೂರು ಎಕರೆಯವರ ಮಾಲು ಹಲ್ಲಿಂಗ್ ಆಗಿ ಸಿಪ್ಪೆ ಹೋದ ಮೇಲೆ ಸುಮಾರು ಒಂದು ಟನ್ ನಿಲ್ಲಬಹುದು. ಅಂದರೆ ಒಂದು ಕಂಟೇನರ್ ತುಂಬಲು ಇಂಥ 20 ಜನ ಬೇಕು. ಈ ನಿಯಮದಲ್ಲಿ ಮಿಶ್ರಣಕ್ಕೆ ಅವಕಾಶ ಇಲ್ಲ. ಊರು ಗೊತ್ತಿರುವ ಮಾಲಿಗೆ ಗೊತ್ತಿಲ್ಲದ ಮಾಲು ಒಂದು ಚೀಲ ಸೇರಿದರೂ ಇಡೀ ಲಾಟು ಕೆಟ್ಟ ಹಾಗೆ. 20 ಜನರಲ್ಲಿ ಒಬ್ಬರ ಲೊಕೇಶನ್ ತಪ್ಪಾದರೆ ಉಳಿದ 19 ಜನರ ಮಾಲೂ ಬಂದರಿನಲ್ಲಿ ನಿಲ್ಲುತ್ತದೆ. ಯುರೋಪಿನಲ್ಲಿ ಮಾಲು ತರಿಸಿಕೊಳ್ಳುವ ಕಂಪನಿಗೆ ಬೀಳುವ ದಂಡವೂ ಸಣ್ಣದಲ್ಲ. ಅವರ ವರ್ಷದ ವಹಿವಾಟಿನ ಶೇಕಡಾ 4ರವರೆಗೆ, ಅದಕ್ಕಿಂತ ಜಾಸ್ತಿಯೂ ಆಗಬಹುದು.

ಈಗ ನೀವೇ ಕೊಳ್ಳುವವರ ಜಾಗದಲ್ಲಿ ಕೂತು ಯೋಚನೆ ಮಾಡಿ. ಒಂದೇ ತೋಟದಿಂದ ಕಂಟೇನರ್ ತುಂಬುವ ಎಸ್ಟೇಟ್ ಇದ್ದರೆ 20 ಜನರ ಹಿಂದೆ ಯಾಕೆ ಓಡುತ್ತಾರೆ? ಸಣ್ಣವರು ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸುಮ್ನೆ ಅವರ ಹತ್ತಿರ ಹೋಗುವುದನ್ನು ಬಿಡುತ್ತಾರೆ, ಅಷ್ಟೇ. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ 98ಕ್ಕಿಂತ ಜಾಸ್ತಿ 10 ಹೆಕ್ಟೇರ್ ಒಳಗಿನವು. ಇದರಿಂದ ಎಷ್ಟು ಜನಕ್ಕೆ ಏಟು ಬೀಳಬಹುದು ಎಂದು ಇದರಲ್ಲೇ ಗೊತ್ತಾಗುತ್ತದೆ.

ಅರಸೀಕೆರೆ ತೆಂಗು

ಬಯಲುಸೀಮೆಯವನ ಮಾತೂ ಸ್ವಲ್ಪ ಕೇಳಿ. ನಮ್ಮ ಕಡೆ ತೆಂಗಿಗೆ ಕಪ್ಪುತಲೆ ಹುಳು, ನುಸಿ, ಮೇಲಿಂದ ನೀರಿಲ್ಲ. ಕೊಳವೆಬಾವಿ ಕೊರೆಸಿ ಕೊರೆಸಿ ಸಾಲ ಆಗಿದೆ. ಹೇಮಾವತಿ ಹುಟ್ಟುವುದು ನಿಮ್ಮ ಮೂಡಿಗೆರೆ ತಾಲ್ಲೂಕಿನ ಜಾವಳಿ ಹತ್ತಿರ. ಗೊರೂರು ಡ್ಯಾಂ ತುಂಬಿತಾ ಎಂದು ಹಾಸನ, ಮಂಡ್ಯ, ತುಮಕೂರು ಎಲ್ಲ ಕಾಯುತ್ತಾ ಇರುತ್ತೇವೆ. ಹಾಗಾಗಿ ಮಲೆನಾಡಿನ ಮರ ಮಲೆನಾಡಿನವರದ್ದು ಮಾತ್ರ ಅಲ್ಲ.

ಯುರೋಪಿನವರು ಕೇಳಿದ್ದಕ್ಕೆ ಇಷ್ಟು ಬೇಜಾರಾಗುತ್ತೀರಿ. ಆದರೆ ನೀವೂ ಕಡಿದಿದ್ದೀರಿ. 30 ವರ್ಷದ ಹಿಂದೆ ನಾನು ಮೆಣಸಿನ ವ್ಯಾಪಾರಕ್ಕೆ ಸಕಲೇಶಪುರ, ಮೂಡಿಗೆರೆ ಸುತ್ತುತ್ತಿದ್ದೆ. ಆಗ ಕತ್ತಲೆಯ ಹಾಗಿದ್ದ ತೋಟಗಳಲ್ಲಿ ಈಗ ಸಿಲ್ವರ್ ಓಕ್ ಸಾಲು, ಮೇಲಿಂದ ಸ್ಪ್ರಿಂಕ್ಲರ್. ಹಳ್ಳದ ನೀರನ್ನೆಲ್ಲ ಮಾರ್ಚ್ ತಿಂಗಳಲ್ಲೇ ಎಳೆದು ಹೂ ಮಾಡಿಸುತ್ತೀರಿ. ಇದನ್ನು ಯಾರು ಕೇಳಬೇಕು?

ಸಕಲೇಶಪುರ ಎಸ್ಟೇಟ್

ನಿಮ್ಮ ಮಾತಲ್ಲಿ ಸುಳ್ಳಿಲ್ಲ. ಆದರೆ ಸಿಲ್ವರ್ ಓಕ್ ಯಾಕೆ ಬಂತು ಎಂದೂ ಹೇಳಬೇಕು. ಇದು ತೋಟದವರಿಗೆಲ್ಲ ಗೊತ್ತಿರುವ ವಿಷಯ, ಹೊರಗಿನವರಿಗೆ ಗೊತ್ತಿಲ್ಲ.

1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ತೋಟದ ಮರ ಕಡಿಯಲೂ ಅರಣ್ಯ ಇಲಾಖೆ ಅನುಮತಿ ಬೇಕು. ಉದ್ದೇಶ ಒಳ್ಳೆಯದೇ. ಆದರೆ ಸಿಲ್ವರ್ ಓಕ್‌ಗೆ ಅದರಲ್ಲಿ ವಿನಾಯಿತಿ ಇದೆ. ಆಸ್ಟ್ರೇಲಿಯಾದ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕಷ್ಟ ಬಂದಾಗ ಕಡಿದು ಮಾರಬಹುದು. ನಾಳೆ ಮಗಳ ಮದುವೆಗೋ, ಸಾಲಕ್ಕೋ ಬೇಕಾದಾಗ ಕೈಗೆ ಬರುವ ಮರ ಅದು. ಬೀಟೆ ಸಸಿ ಎದ್ದರೆ? ಅದು ಬೆಳೆದ ಮೇಲೆ ನಮ್ಮದಲ್ಲ. ಸುತ್ತಲಿನ ಗಿಡಕ್ಕೆ ಬೇರು ತೊಂದರೆ ಆದರೂ ಮುಟ್ಟುವ ಹಾಗಿಲ್ಲ. ಬೀಟೆ ಸಸಿಯನ್ನು ಚಿಕ್ಕದಿರುವಾಗಲೇ ಕಿತ್ತು ಹಾಕುವವರನ್ನು ನಾನು ಕಣ್ಣಾರೆ ನೋಡಿದ್ದೇನೆ. ನಮ್ಮ ತಂದೆ ಕೂಡ ಮಾಡಿದ್ದಾರೆ. ಹೇಳಲು ನಾಚಿಕೆ ಆಗುತ್ತದೆ.

ಮರ ಉಳಿಸುವ ಕಾನೂನು, ಮರ ಇಟ್ಟುಕೊಂಡವನಿಗೇ ಭಾರ ಆಯಿತು. ಅದಕ್ಕೇ ಕೆಲವರಿಗೆ ಯುರೋಪಿನ ಕಾನೂನು ಕಂಡರೂ ಭಯ.

ಮಲ್ನಾಡ್ ಮಗಳು

ಇದನ್ನೇ ನಾನು ಹೇಳಬೇಕು ಅಂದುಕೊಂಡಿದ್ದೆ. ಇದರ ಜೊತೆ ಇನ್ನೊಂದು ಗೊಂದಲ ಸೇರಿಕೊಂಡಿದೆ. ನಮ್ಮ ದೇಶದ ಅರಣ್ಯ ಸಮೀಕ್ಷೆಯವರು ಉಪಗ್ರಹದ ಚಿತ್ರ ನೋಡಿ ಲೆಕ್ಕ ಹಾಕುವಾಗ ಒಂದು ಹೆಕ್ಟೇರ್ ಮೇಲೆ, ಮರದ ನೆರಳು ಶೇಕಡಾ 10ಕ್ಕಿಂತ ಜಾಸ್ತಿ ಇರುವ ಜಾಗವನ್ನೆಲ್ಲ ಅರಣ್ಯ ಹೊದಿಕೆ ಎಂದು ಎಣಿಸುತ್ತಾರೆ. ಅದು ಯಾರ ಜಾಗ ಎಂದು ನೋಡುವುದಿಲ್ಲ. ನಿಮ್ಮ ಕಾಫಿ ತೋಟವೂ ಅದರಲ್ಲಿ ಸೇರಿದೆ. ದೇಶ ಹೆಮ್ಮೆಯಿಂದ ತೋರಿಸುವ ಹಸಿರಿನಲ್ಲಿ ನಿಮ್ಮ ಹಲಸು, ಅತ್ತಿ ಇದ್ದಾವೆ.

ಯುರೋಪಿನ ನಿಯಮದ ಪ್ರಕಾರ ತೋಟ ಅಂದರೆ ಕೃಷಿ ಭೂಮಿ, ಕಾಡಲ್ಲ. ಅದು ಸರಿಯೇ. ಆದರೆ ಪರೀಕ್ಷೆಗೆ ಬಳಸುವ ನಕ್ಷೆಗಳಲ್ಲಿ ದಟ್ಟ ನೆರಳಿನ ತೋಟ ಕಾಡಿನ ಹಾಗೇ ಕಾಣುತ್ತದೆ. ನೀವು ಬಿಳಿ ಕಾಂಡಕೊರಕ ಹುಳು ಹಿಡಿದ ಅರೇಬಿಕಾ ಕಾಫಿ ಗಿಡ ಕಿತ್ತು ರೋಬಸ್ಟಾ ಹಾಕಿದಿರಿ ಎಂದುಕೊಳ್ಳಿ. ಸ್ವಲ್ಪ ಜೋರಾಗಿ ಮರಗಸಿ ಮಾಡಿದಿರಿ. ಮೇಲಿಂದ ನೋಡಿದವರಿಗೆ 2020ರಲ್ಲಿ ಹಸಿರು, ಈಗ ಬೋಳು. ಕಾಡು ಕಡಿದಿಲ್ಲ ಎಂದು ನೀವು ಸಾಬೀತು ಮಾಡಬೇಕು. ಬ್ರೆಜಿಲ್‌ನಲ್ಲಿ 2020ಕ್ಕೆ ಮೊದಲೇ ಬೋಳಾದ ಬಯಲಿಗೆ ಆ ತೊಂದರೆಯೇ ಇಲ್ಲ. ಮರ ಇಟ್ಟುಕೊಂಡವರಿಗೇ ಪ್ರಶ್ನೆ ಜಾಸ್ತಿ. ಇದು ನನಗೆ ತುಂಬಾ ನೋವು ಕೊಡುವ ವಿಷಯ.

ಬೇಲೂರಿಂದ ಬರ್ಲಿನ್‌ಗೆ

ನಾನು ಬೇಲೂರಿನವಳು. ಆರು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿನ ಜನ ಕೆಟ್ಟ ಮನಸ್ಸಿನಿಂದ ಈ ನಿಯಮ ಮಾಡಲಿಲ್ಲ ಎಂದು ಹೇಳಲೇಬೇಕು. ನಾವು ತಿನ್ನುವ ಚಾಕೊಲೇಟ್, ಕುಡಿಯುವ ಕಾಫಿಗೋಸ್ಕರ ಎಲ್ಲೋ ಕಾಡು ಹೋಗುತ್ತಿದೆ ಎಂಬ ಸಂಕಟ ಇಲ್ಲಿ ನಿಜವಾಗಿ ಇದೆ. ಐವರಿ ಕೋಸ್ಟ್ 1960ರಲ್ಲಿ ಸ್ವತಂತ್ರ ಆಯಿತು. ಅಲ್ಲಿಂದ ಈಚೆಗೆ ಆ ದೇಶದ ಬಹುಪಾಲು ಕಾಡು ಹೋಯಿತು. ಅದಕ್ಕೆ ದೊಡ್ಡ ಕಾರಣ ಕೋಕೋ ಬೆಳೆ. ಇದನ್ನು ತಡೆಯಬೇಕು ಅಂದರೆ ಕೊಳ್ಳುವವರು ಎಲ್ಲಾದರೂ ಒಂದು ಗೆರೆ ಎಳೆಯಲೇಬೇಕಲ್ವಾ?

ಆದರೆ ಒಂದು ಲೆಕ್ಕ ಇಲ್ಲಿನವರಿಗೇ ಗೊತ್ತಿಲ್ಲ. ಜರ್ಮನಿಯಲ್ಲಿ ಕಾಫಿಗೆಂದೇ ಒಂದು ತೆರಿಗೆ ಇದೆ. ಹುರಿದ ಕಾಫಿ ಕಿಲೋಗೆ 2.19 ಯೂರೋ. ಏಳೆಂಟು ವರ್ಷದ ಹಿಂದೆ ನಮ್ಮೂರಲ್ಲಿ ರೋಬಸ್ಟಾ ಚೆರ್ರಿ 50 ಕಿಲೋ ಚೀಲಕ್ಕೆ 3,500 ರೂಪಾಯಿ ಆಸುಪಾಸು ಇತ್ತು. ಕಿಲೋಗೆ 70. ಒಂದು ಕಿಲೋ ಹುರಿದ ಕಾಫಿಗೆ ಸುಮಾರು 2.4 ಕಿಲೋ ಚೆರ್ರಿ ಬೇಕು. ಅಂದರೆ ಬೆಳೆದವರಿಗೆ ಸಿಕ್ಕಿದ್ದು 168 ರೂಪಾಯಿ. ಆಗಿನ ಯೂರೋ ರೇಟಿನಲ್ಲಿ ಇಲ್ಲಿನ ಸರ್ಕಾರಕ್ಕೆ ಹೋದ ತೆರಿಗೆ 170 ದಾಟುತ್ತದೆ. ವರ್ಷಪೂರ್ತಿ ತೋಟದಲ್ಲಿ ದುಡಿದ ನಮ್ಮ ದೊಡ್ಡಪ್ಪನಿಗೆ ಸಿಕ್ಕಿದ್ದಕ್ಕಿಂತ ಇಲ್ಲಿನ ತೆರಿಗೆಯೇ ಜಾಸ್ತಿ. ಇದನ್ನು ಲೆಕ್ಕ ಹಾಕಿದ ದಿನ ನನಗೆ ಕಾಫಿ ಸೇರಲಿಲ್ಲ. ಆ ತೆರಿಗೆಯಲ್ಲಿ ಒಂದು ಪಾಲು ನೆರಳು ಉಳಿಸಿದ ಬೆಳೆಗಾರನಿಗೆ ವಾಪಸ್ ಬಂದರೆ, ಲೊಕೇಶನ್ ಕೇಳಲು ಇವರಿಗೆ ಹಕ್ಕಿದೆ ಎಂದು ನಾನೂ ಒಪ್ಪುತ್ತೇನೆ.

ಹಾಸನ ಮೇಷ್ಟ್ರು

ಈ ಹುಡುಗಿ ಹೇಳಿದ ಲೆಕ್ಕದಲ್ಲೇ ವಿಷಯ ಇದೆ. ನಾನು 30 ವರ್ಷ ಅರ್ಥಶಾಸ್ತ್ರ ಪಾಠ ಮಾಡಿದವನು. ಸ್ವಲ್ಪ ಹಳೆಯ ಕಥೆ ಹೇಳುತ್ತೇನೆ, ಬೇಜಾರಾಗಬೇಡಿ.

1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಆಯಿತು. ಬೆಳೆಯುವ ದೇಶಗಳು, ಕೊಳ್ಳುವ ದೇಶಗಳು ಒಟ್ಟಿಗೆ ಕೂತು ಯಾರು ಎಷ್ಟು ರಫ್ತು ಮಾಡಬೇಕು ಎಂದು ಕೋಟಾ ಹಾಕಿಕೊಂಡರು. ಬೆಲೆ ಪಾತಾಳಕ್ಕೆ ಬೀಳದ ಹಾಗೆ ಒಂದು ತಡೆ ಇತ್ತು. 1989ರ ಜುಲೈನಲ್ಲಿ ಆ ಕೋಟಾ ಮುರಿದು ಬಿತ್ತು. ಬೆಲೆ ಬಿತ್ತು. 90ರ ದಶಕದಲ್ಲಿ ವಿಯೆಟ್ನಾಂ ರೋಬಸ್ಟಾ ಹಾಕುತ್ತಾ ಹಾಕುತ್ತಾ ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂತು. ಅದೇ ಸಮಯಕ್ಕೆ ನಮ್ಮಲ್ಲೂ ಕಾಫಿ ಬೋರ್ಡ್ ಎಲ್ಲರ ಮಾಲು ಒಟ್ಟಿಗೆ ಕೊಳ್ಳುವ ಪದ್ಧತಿ ನಿಂತಿತು. 2001, 2002ರ ಹೊತ್ತಿಗೆ ಬೆಲೆ ಎಷ್ಟು ಕೆಳಗೆ ಹೋಯಿತು ಎಂದು ಇಲ್ಲಿನ ಹಿರಿಯರಿಗೆ ನೆನಪಿರಬಹುದು. ಕುಯ್ಯುವ ಕೂಲಿಯೂ ಹುಟ್ಟುತ್ತಿರಲಿಲ್ಲ. ಹಣ್ಣು ಗಿಡದಲ್ಲೇ ಒಣಗಲು ಬಿಟ್ಟರು. ಆ ಎರಡು ವರ್ಷದಲ್ಲಿ ತೋಟದ ಮರ ಮಾರಿ ಬ್ಯಾಂಕ್ ಸಾಲ ಕಟ್ಟಿದವರು ನನ್ನ ವಿದ್ಯಾರ್ಥಿಗಳ ಮನೆಗಳಲ್ಲೇ ಇದ್ದರು.

ಅರಸೀಕೆರೆಯವರೇ, ನೀವು ಕೇಳಿದಿರಲ್ಲ, ಮರ ಯಾಕೆ ಹೋಯಿತು ಅಂತ? ಗರಗಸ ಹಿಡಿದವನು ಬೆಳೆಗಾರ. ಕಡಿಯುವ ಪರಿಸ್ಥಿತಿ ತಂದದ್ದು ಆ ಬೆಲೆ. ಇವತ್ತಿನ ನಿಯಮ ಮರ ಇದೆಯಾ ಎಂದು ಕೇಳುತ್ತದೆ. ಬೆಲೆ ಬಿದ್ದಾಗ ಮರ ಉಳಿಸಿಕೊಳ್ಳಲು ಏನು ದಾರಿ ಎಂದು ಕೇಳುವುದಿಲ್ಲ.

ಐವರಿ ಕೋಸ್ಟ್ ಮಾತು ಬಂತು. ಅವರು, ಘಾನಾದವರು ಸೇರಿ ಪ್ರಪಂಚದ ಅರ್ಧಕ್ಕಿಂತ ಜಾಸ್ತಿ ಕೋಕೋ ಬೆಳೆಯುತ್ತಾರೆ. 2019ರಲ್ಲಿ ಎರಡೂ ದೇಶ ಒಟ್ಟಾಗಿ, ನಮ್ಮ ರೈತರಿಗೆ ಬದುಕುವ ಆದಾಯ ಬೇಕು, ಮಾರುಕಟ್ಟೆ ಬೆಲೆಯ ಜೊತೆ ಟನ್ನಿಗೆ 400 ಡಾಲರ್ ಹೆಚ್ಚಿಗೆ ಕೊಡಿ ಎಂದರು. ಕಂಪನಿಗಳು ಒಪ್ಪಿದವು. ಆಮೇಲೆ ಗುಣಮಟ್ಟಕ್ಕೆ ಎಂದು ಬೇರೆಯಾಗಿ ಕೊಡುತ್ತಿದ್ದ ಹಣವನ್ನು ಇಳಿಸಿದವು. ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಲ್ಲಿ ವಾಪಸ್ ಹೋಯಿತು.

ದೊಡ್ಡ ಮಟ್ಟದಲ್ಲೂ ಇದೇ ಆಯಿತು. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ ಎಂದು ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಮಾತು ಕೊಟ್ಟವು. 2020ಕ್ಕೆ ಮುಟ್ಟಬೇಕಿತ್ತು. ಅವರದೇ ಲೆಕ್ಕದ ಪ್ರಕಾರ ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಬಹಳಷ್ಟು ಸಾಲ. ತಾವು ಕೊಡಬೇಕಾದ್ದು ಎರಡು ವರ್ಷ ತಡ ಆದರೆ ನಡೆಯುತ್ತದೆ. ಕಳಸದ ಹುಡುಗನ ಲೊಕೇಶನ್ ಒಂದು ದಿನ ತಡ ಆದರೆ ಅವನ ಚೀಲ ಬೇಡ. ನನಗೆ ಸಿಟ್ಟು ಬರುವುದು ಇಲ್ಲಿ.

ಲೈನ್ ಮನೆ ಹುಡುಗ

ಇಷ್ಟು ಹೊತ್ತು ಓದಿದೆ. ಬೆಳೆಗಾರರು, ಮರ, ಯುರೋಪು ಎಲ್ಲ ಬಂತು. ಕುಯ್ಯುವವರು ಬರಲಿಲ್ಲ.

ನಾನು ಹುಟ್ಟಿದ್ದು ಮೂಡಿಗೆರೆ ಕಡೆ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ತೋಟದವರು ಕೆಲಸದವರಿಗೆ ಕೊಡುವ ಸಾಲು ಮನೆಯಲ್ಲಿ. ಅಪ್ಪ ಅಮ್ಮ 35 ವರ್ಷ ಅಲ್ಲೇ ದುಡಿದರು. ಈಗ ನಾನು ಹಾಸನದಲ್ಲಿ ಕೆಲಸದಲ್ಲಿದ್ದೇನೆ. ಅಣ್ಣ, ನಿಮಗೆ 2 ಎಕರೆಗೆ ಪಹಣಿ ಇಲ್ಲ ಅಂದಿರಿ. ನಮಗೆ ಮಲಗುವ ಗೋಡೆಗೇ ಕಾಗದ ಇಲ್ಲ. ಅಮ್ಮನಿಗೆ ಮೊಣಕಾಲು ನೋವು ಬಂದು ಕೆಲಸಕ್ಕೆ ಹೋಗಲು ಆಗದೇ ಇದ್ದ ವರ್ಷ ಮನೆ ಬಿಡಬೇಕಾಯಿತು. 35 ವರ್ಷ ಇದ್ದ ಮನೆ.

1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆ, ಕೂಸಿನ ಮನೆ ಎಲ್ಲ ಕೊಡಬೇಕು ಎಂದಿತ್ತು. ಆದರೆ ಅದು ಅನ್ವಯ ಆಗುತ್ತಿದ್ದದ್ದು 5 ಹೆಕ್ಟೇರ್ ಮೇಲೆ, 15 ಜನಕ್ಕಿಂತ ಕಡಿಮೆ ಇಲ್ಲದ ತೋಟಕ್ಕೆ. ಸಣ್ಣ ತೋಟದ ಕೆಲಸದವರು ಯಾವ ಕಾನೂನಿಗೂ ಕಾಣಿಸಲಿಲ್ಲ. ಈಗ ಅಸ್ಸಾಮಿನಿಂದ ಬರುವವರು ಅಷ್ಟೂ ಕಾಣಿಸುವುದಿಲ್ಲ. ಬೆಳಗ್ಗೆ ಮಂಜಿನಲ್ಲಿ ತೋಟಕ್ಕೆ ಹೋಗುವಾಗ ಆನೆ ಎದುರಾಗುವುದು ಅವರಿಗೇ. ಭಾಷೆ ಬರುವುದಿಲ್ಲ, ಆನೆ ಬಂದಿದೆ ಎಂದು ವಾಟ್ಸಾಪ್‌ನಲ್ಲಿ ಬರುವ ಎಚ್ಚರಿಕೆ ಓದಲೂ ಆಗುವುದಿಲ್ಲ.

2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಇತಿಹಾಸದಲ್ಲೇ ಮೊದಲು. ನಮ್ಮ ಕಡೆಯೂ ಹೊಸ ಜೀಪು ಬಂದವು, ಮನೆಗೆ ಮಹಡಿ ಎದ್ದವು. ನಮ್ಮ ಚಿಕ್ಕಮ್ಮನ ಕೂಲಿ ಎಷ್ಟು ಏರಿತು ಎಂದು ಕೇಳಿದರೆ ಅವರು ಸುಮ್ಮನೆ ನಗುತ್ತಾರೆ. ಮೇಷ್ಟ್ರೇ, ಬೆಲೆ ಬಿದ್ದಾಗ ಮರ ಹೋಯಿತು ಎಂದಿರಿ, ಸರಿ. ಬೆಲೆ ಏರಿದಾಗ ಯಾರಿಗೆ ಹೋಯಿತು ಎಂದೂ ಹೇಳಿ.

ಇನ್ನೊಂದು. ಯುರೋಪಿನ ನಿಯಮದಲ್ಲಿ ಆ ದೇಶದ ಕಾನೂನು ಅಂದರೆ ಜಮೀನಿನ ಕಾನೂನು ಮಾತ್ರ ಅಲ್ಲ. ಕಾರ್ಮಿಕರ ಹಕ್ಕು ಕೂಡ ಸೇರಿದೆ. ಅದನ್ನು ಯಾಕೆ ಯಾರೂ ಇಲ್ಲಿ ಎತ್ತಲಿಲ್ಲ?

ಸಕಲೇಶಪುರ ಎಸ್ಟೇಟ್

ತಮ್ಮಾ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ನಮ್ಮ ತೋಟದಲ್ಲಿ ವಯಸ್ಸಾದವರನ್ನು ಮನೆ ಬಿಡಿಸಿಲ್ಲ. ಆದರೆ ಅದು ನನ್ನ ಮನಸ್ಸಿನ ಮೇಲೆ ನಿಂತಿದೆ, ಅವರ ಹಕ್ಕಾಗಿ ಇಲ್ಲ. ನನ್ನ ಮಗ ನಾಳೆ ಬೇರೆ ತೀರ್ಮಾನ ಮಾಡಿದರೆ ಅವರಿಗೆ ಏನೂ ಇಲ್ಲ. ಅದು ನಿಜ.

ಸರ್ಕಾರಿ ಜಾಗ ಒತ್ತುವರಿ ಮಾಡಿ ತೋಟ ಮಾಡಿದವರಿಗೆ 25 ಎಕರೆವರೆಗೆ 30 ವರ್ಷ ಗುತ್ತಿಗೆ ಕೊಡಲು ಕಾನೂನು ತಿದ್ದುಪಡಿ ಆಯಿತು. ನಮ್ಮಂಥವರೇ ಓಡಾಡಿ ಮಾಡಿಸಿಕೊಂಡದ್ದು. ಅದೇ ಹೊತ್ತಿಗೆ ಲೈನ್ ಮನೆಯವರಿಗೆ ಒಂದು ಸೈಟು ಕೊಡಿ ಎಂದು ನಾವು ಯಾರೂ ಜೋರಾಗಿ ಕೇಳಲಿಲ್ಲ. ಕೇಳಬೇಕಿತ್ತು.

ಅರಸೀಕೆರೆ ತೆಂಗು

ಗೌಡ್ರು ಒಪ್ಪಿಕೊಂಡದ್ದು ದೊಡ್ಡದು. ನಾನೂ ಒಂದು ಮಾತು ತಿದ್ದಿಕೊಳ್ಳುತ್ತೇನೆ. ನೀವು ಕಡಿದಿರಿ ಎಂದಿದ್ದೆ. ಕೊಬ್ಬರಿ ಬೆಲೆ ಬಿದ್ದಾಗ ನಾನೂ ಹೊಲದ ಬದುವಿನ ಬೇವು, ಹುಣಸೆ ಮಾರಿದ್ದೇನೆ. ಯಾರಿಗೆ ಹೇಳಲಿ?

ಆದರೆ ನೀರಿನ ಪ್ರಶ್ನೆ ಬಿಡುವುದಿಲ್ಲ. ನಿಮ್ಮ ಬೆಟ್ಟದ ಮರದಿಂದ ನಮಗೆ ನೀರು ಬರುತ್ತದೆ ಎಂದಾದರೆ, ಬೆಂಗಳೂರಿನವರೂ ಆ ನೀರು ಕುಡಿಯುತ್ತಾರೆ ಎಂದಾದರೆ, ಅದಕ್ಕೆ ದುಡ್ಡು ಯುರೋಪಿನಿಂದಲೇ ಯಾಕೆ ಬರಬೇಕು? ಮರ ಉಳಿಸಿಕೊಂಡ ತೋಟಕ್ಕೆ ನಮ್ಮ ಸರ್ಕಾರವೇ ಎಕರೆಗೆ ಇಷ್ಟು ಎಂದು ಯಾಕೆ ಕೊಡಬಾರದು? ನೀರಿನ ಬಿಲ್ಲಿನಲ್ಲಿ ಒಂದು ರೂಪಾಯಿ ಜಾಸ್ತಿ ಹಾಕಿದರೆ ನಾನು ಕೊಡುತ್ತೇನೆ. ಆದರೆ ಅದು ಹಲಸು, ಅತ್ತಿಗೆ ಸಿಗಬೇಕು. ಸಿಲ್ವರ್ ಓಕ್‌ಗೆ ಅಲ್ಲ.

ಮಲ್ನಾಡ್ ಮಗಳು

ಕೋಸ್ಟರಿಕಾ ಎಂಬ ಚಿಕ್ಕ ದೇಶ ಇದನ್ನೇ ಮಾಡಿತು. ಅದೂ ಕಾಫಿ ಬೆಳೆಯುವ ದೇಶ. 1996ರ ಅರಣ್ಯ ಕಾನೂನಿನಲ್ಲಿ, ಮರ ಇಟ್ಟುಕೊಂಡ ಜಮೀನಿನವರಿಗೆ ಹಣ ಕೊಡುವ ಏರ್ಪಾಡು ಮಾಡಿತು. ಹಣ ಮುಖ್ಯವಾಗಿ ಪೆಟ್ರೋಲ್, ಡೀಸೆಲ್ ತೆರಿಗೆಯಿಂದ ಬಂತು, ಆಮೇಲೆ ನೀರಿನ ಶುಲ್ಕದಿಂದಲೂ. ಒಂದು ಕಾಲಕ್ಕೆ ತುಂಬಾ ಕಾಡು ಕಳೆದುಕೊಂಡಿದ್ದ ದೇಶದಲ್ಲಿ ಮತ್ತೆ ಕಾಡು ಹೆಚ್ಚಿತು. ಅಲ್ಲೂ ಶುರುವಿನಲ್ಲಿ ಒಂದು ತೊಡಕಿತ್ತು. ಜಮೀನಿನ ಪತ್ರ ಇಲ್ಲದ ಸಣ್ಣವರಿಗೆ ಹಣ ಸಿಗುತ್ತಿರಲಿಲ್ಲ. ಆಮೇಲೆ ಸ್ವಾಧೀನದಲ್ಲಿ ಇದ್ದಾರೆ ಎಂಬುದಕ್ಕೆ ಬೇರೆ ಪುರಾವೆ ಇದ್ದರೂ ಒಪ್ಪಿಕೊಳ್ಳಲು ದಾರಿ ಮಾಡಿದರು. ನಮಗೆ ಬೇಕಾದದ್ದು ಆ ದಾರಿ.

ಲೈನ್ ಮನೆ ತಮ್ಮಾ, ನೀನು ಕೇಳಿದ್ದು ಸರಿ. ನಾನು ನಿಯಮ ವಿವರಿಸುವಾಗ ಕಾರ್ಮಿಕರ ಹಕ್ಕಿನ ಭಾಗ ಬಿಟ್ಟೆ. ಸಭೆಗಳಲ್ಲೂ ಬಿಡುತ್ತೇನೆ. ಎತ್ತಿದರೆ ಬೆಳೆಗಾರರು ಎದ್ದು ಹೋಗುತ್ತಾರೆ ಎಂಬ ಭಯ. ಇನ್ನು ಬಿಡುವುದಿಲ್ಲ.

ಕ್ಯೂರಿಂಗ್ ಲೆಕ್ಕ

ದೊಡ್ಡ ಮಾತು ನಡೆಯಲಿ. ಕಳಸದವರಿಗೆ ಈ ವರ್ಷ ಏನು ಮಾಡಬಹುದು ಎಂದು ಹೇಳುತ್ತೇನೆ.

ಒಬ್ಬರೇ ಹೋಗಬೇಡಿ. ಅಕ್ಕಪಕ್ಕದ 15, 20 ಜನ ಸೇರಿ ಒಂದೇ ಲಾಟು ಮಾಡಿ. ಎಲ್ಲರ ಲೊಕೇಶನ್ ಪಾಯಿಂಟ್ ಒಂದೇ ದಿನ ತೆಗೆಯಿರಿ. ಮರದ ಕೆಳಗೆ ಸಿಗ್ನಲ್ ಜಾರುತ್ತದೆ, ಸ್ವಲ್ಪ ಬಯಲಿರುವ ಕಡೆ ನಿಂತು ಹಿಡಿಯಿರಿ. ಹೊಳೆ ಆಚೆಗೋ, ರಿಸರ್ವ್ ಫಾರೆಸ್ಟ್ ಒಳಗೋ ಪಾಯಿಂಟ್ ಬಿದ್ದರೆ ಇಡೀ ಲಾಟಿಗೆ ತೊಂದರೆ. ಕಾಫಿ ಬೋರ್ಡಿನ ಆ್ಯಪ್‌ನಲ್ಲಿ ನೋಂದಣಿ ಮಾಡಿಸಿ. ಪಹಣಿ ಇರುವ ಒಂದೂವರೆ ಎಕರೆಯ ಮಾಲು ಬೇರೆ ಒಣಗಿಸಿ, ಬೇರೆ ಚೀಲದಲ್ಲಿ ಇಡಿ. ಆ 2 ಎಕರೆಗೆ ಅರ್ಜಿ ಹಾಕಿದ ಸ್ವೀಕೃತಿ, ಹಿಂಬರಹ, ಹಳೇ ರಸೀದಿ ಏನಿದ್ದರೂ ಒಂದು ಫೈಲ್ ಮಾಡಿ. ಒಪ್ಪುತ್ತಾರಾ ಎಂದು ನಾನು ಭರವಸೆ ಕೊಡಲಾರೆ. ಆದರೆ ಖಾಲಿ ಕೈಯಲ್ಲಿ ಹೋದವರಿಗಿಂತ ಮೇಲು. ಯುರೋಪಿಗೆ ಹೋಗದ ಮಾಲಿಗೆ ರಷ್ಯಾ ಇದೆ, ಅರಬ್ ದೇಶಗಳಿವೆ, ನಮ್ಮದೇ ಪೇಟೆ ಇದೆ. ಗಾಬರಿ ಬಿದ್ದು ಕಡಿಮೆ ರೇಟಿಗೆ ಕೊಟ್ಟುಬಿಡಬೇಡಿ.

ಲೈನ್ ಮನೆ ಹುಡುಗ

ಆ ಫೈಲಿನಲ್ಲಿ ಒಂದು ಹಾಳೆ ಕೆಲಸದವರದ್ದೂ ಇರಲಿ ಅಣ್ಣ. ಯಾರು ಕುಯ್ದರು, ಕಿಲೋಗೆ ಎಷ್ಟು ಕೊಟ್ಟಿರಿ. ನೀವು ಸಣ್ಣವರೇ ಮೊದಲು ಬರೆದರೆ ದೊಡ್ಡವರನ್ನು ಕೇಳಲು ಬಾಯಿ ಬರುತ್ತದೆ.

ಕಳಸದ ತೋಟದವ

ಬರೆಯುತ್ತೇನೆ. ನಮ್ಮ ತೋಟಕ್ಕೆ ಬರುವುದು ಪಕ್ಕದ ಊರಿನ ಮೂರು ಜನ ಹೆಂಗಸರು. ಉಳಿದದ್ದು ನಾನು, ನನ್ನ ಹೆಂಡತಿ. ಹೆಂಡತಿಯ ಹೆಸರೂ ಬರೆಯಬೇಕಲ್ವಾ? ಅವಳು ಕುಯ್ದದ್ದಕ್ಕೆ ಇವತ್ತಿನವರೆಗೂ ನಾನು ಲೆಕ್ಕ ಇಟ್ಟಿಲ್ಲ.

ಭಾನುವಾರ ನಮ್ಮೂರಿನ ಶಾಲೆ ಹತ್ತಿರ ಸೇರುತ್ತಿದ್ದೇವೆ. 14 ಜನ ಬರುತ್ತೇವೆ ಎಂದಿದ್ದಾರೆ. ನಿನ್ನೆ ಅಪ್ಪನ ಜೊತೆ ಆ 2 ಎಕರೆ ಸುತ್ತಿ ಮರ ಎಣಿಸಿದೆ. ಬಳ್ಳಿ ಹಬ್ಬಿದ್ದು, ಹಬ್ಬದೇ ಇದ್ದದ್ದು ಸೇರಿ 87. ಕೆಲವು ಅಜ್ಜ ನೆಟ್ಟದ್ದು, ಕೆಲವು ತಾವಾಗಿ ಎದ್ದದ್ದು, ಅಪ್ಪ ಒಂದೊಂದನ್ನೂ ಮುಟ್ಟಿ ಹೇಳಿದರು. ವಾಪಸ್ ಬಂದು ಟ್ರಂಕು ತೆಗೆದರು. ಸರ್ಕಾರಿ ಜಾಗ ಸಾಗುವಳಿ ಮಾಡಿದ್ದಕ್ಕೆ ಅಜ್ಜ ಕಟ್ಟಿದ ದಂಡದ ರಸೀದಿ, ಟಿಟಿ ರಸೀದಿ ಎನ್ನುತ್ತಾರೆ, ಎರಡು ಸಿಕ್ಕಿದವು. ಒಂದರಲ್ಲಿ ಇಸವಿ ಅಳಿಸಿಹೋಗಿದೆ, ಸರ್ವೆ ನಂಬರ್ ಕಾಣುತ್ತದೆ. ಲೆಕ್ಕದವರೇ, ಇದನ್ನೂ ಫೈಲಿಗೆ ಹಾಕಲಾ?

ಕ್ಯೂರಿಂಗ್ ಲೆಕ್ಕ

ಖಂಡಿತ ಹಾಕಿ. ಎರಡೆರಡು ಜೆರಾಕ್ಸ್ ಮಾಡಿಸಿ. ಮೂಲ ರಸೀದಿ ಮಾತ್ರ ಯಾರಿಗೂ ಕೊಡಬೇಡಿ, ಟ್ರಂಕಿನಲ್ಲೇ ಇರಲಿ.